ವಾಸನೆಯಿಲ್ಲದ ಊರು

ಬಚ್ಚಲುಮನೆಯಲ್ಲಿ ನಿಂತು ಅವನು ಸೋಪನ್ನು ಮೂಗಿಗೆ ಒತ್ತಿ ಹಿಡಿದ. ಒತ್ತಿದ್ದು ಜಾಸ್ತಿಯಾಗಿ ಮೂಗಿನ ತುದಿಗೆ ನೊರೆ ಅಂಟಿತೇ ಹೊರತು ಇನ್ನೇನೂ ಆಗಲಿಲ್ಲ. ಸೋಪು ತಣ್ಣಗಿತ್ತು, ನುಣ್ಣಗಿತ್ತು, ಹಸಿರಾಗಿತ್ತು. ವಾಸನೆ ಮಾತ್ರ ಇರಲಿಲ್ಲ. ಜ್ವರ ಬಂದು ಮಲಗಿ ಎದ್ದಾಗಿನಿಂದ ದಿನಾ ಬೆಳಗ್ಗೆ ಇದೇ ಪರೀಕ್ಷೆ, ದಿನಾ ಫೇಲು. ಬಂದ ಜ್ವರ ಹೋಗುವಾಗ ಬರಿಗೈಯಲ್ಲಿ ಹೋಗಿರಲಿಲ್ಲ. ಮೊದಮೊದಲು ನೆಗಡಿ ಕಟ್ಟಿಕೊಂಡಿದೆ ಅಂದುಕೊಂಡಿದ್ದ. ಆಮೇಲೆ ಅಂದುಕೊಳ್ಳುವುದನ್ನು ಬಿಟ್ಟು ಕದ್ದು ಮೂಸುವುದಕ್ಕೆ ಶುರುಮಾಡಿದ. ಸೀಮೆಎಣ್ಣೆ ಡಬ್ಬಿ, ಹೆಚ್ಚಿಟ್ಟ ಈರುಳ್ಳಿ, ಮಲಗಿದ್ದ ಮಗಳ ತಲೆಗೂದಲು, ಕೊನೆಗೆ ತನ್ನದೇ ಬೂಟು. ಬೂಟಿನೊಳಗೆ ಮುಖ ಇಟ್ಟು ಕೂತಿದ್ದಾಗ ಮಗಳು ನೋಡಿಬಿಟ್ಟಳು. ಕಲ್ಲು ಸೇರಿಕೊಂಡಿದೆಯಾ ನೋಡ್ತಿದ್ದೆ ಅಂದ. ಪಕ್ಕದ ಊರಿಗೆ ಬೋಲ್ಟು ತರುವ ನೆಪದಲ್ಲಿ ಹೋಗಿ ಡಾಕ್ಟರಿಗೆ ತೋರಿಸಿದ್ದೂ ಆಗಿತ್ತು. ಬಂದರೂ ಬರಬಹುದು, ಬಾರದೆಯೂ ಇರಬಹುದು ಅಂದರು ಆ ಪುಣ್ಯಾತ್ಮ. ಇಷ್ಟು ಹೇಳುವುದಕ್ಕೆ ಡಾಕ್ಟರೇ ಬೇಕಿತ್ತೇ? ಒಂದು ಸಂಜೆ ಒಲೆಯ ಪಕ್ಕದಲ್ಲೇ ಕೂತಿದ್ದವನ ಎದುರಿಗೆ ಹಾಲು ಉಕ್ಕಿ, ಹೊತ್ತಿ, ಪಾತ್ರೆ ಕರಕಲಾಗುವ ತನಕ ಅವನಿಗೆ ತಿಳಿಯಲಿಲ್ಲ. ಹೆಂಡತಿ ಹಿತ್ತಲಿಂದ ಓಡಿಬಂದಳು. ಏನೋ ಯೋಚನೆ ಮಾಡ್ತಿದ್ದೆ ಅಂದ. ಅವಳು ಪಾತ್ರೆ ನೋಡಿದಳು, ಅವನನ್ನು ನೋಡಿದಳು, ಏನೂ ಅನ್ನಲಿಲ್ಲ. ಅವಳು ಏನಾದರೂ ಅಂದಿದ್ದರೆ ಅವತ್ತೇ ಹೇಳಿಬಿಡುತ್ತಿದ್ದನೋ ಏನೋ.

ಹೇಳುವುದಾದರೂ ಹೇಗೆ? ಊರಿನ ಕೊಳಚೆಯೆಲ್ಲ ಕೊಳವೆಯಲ್ಲಿ ಹರಿದು ಅವರ ಬೀದಿಯ ಕೊನೆಗೆ, ಕಡಲಿಗೆ ತಾಗಿದ ಬೇಲಿಯೊಳಗೆ ಬಂದು ಬೀಳುತ್ತದೆ. ಅಲ್ಲೊಂದು ದೊಡ್ಡ ಟ್ಯಾಂಕು. ಟ್ಯಾಂಕಿನ ತಳದಿಂದ ಯಂತ್ರ ಗಾಳಿ ಊದುತ್ತದೆ. ಗಾಳಿ ಕುಡಿದು ಬದುಕುವ ಕಣ್ಣಿಗೆ ಕಾಣದ ಜೀವಗಳು ಕೊಳಚೆಯನ್ನು ತಿಂದು ಮುಗಿಸುತ್ತವೆ. ಉಳಿದ ತಿಳಿನೀರು ಗೇಟು ದಾಟಿ ಕಡಲಿಗೆ ಹೋಗುತ್ತದೆ. ಟ್ಯಾಂಕು ಚೆನ್ನಾಗಿದ್ದರೆ ನೆನೆದ ಮಣ್ಣಿನ ವಾಸನೆ. ಗಾಳಿ ಸಾಲದೆ ಒಳಗಿನ ಜೀವಗಳು ಸಾಯತೊಡಗಿದರೆ ಕೊಳೆತ ಮೊಟ್ಟೆ. ಬಣ್ಣ ಕಪ್ಪಾಗುವುದು ಆಮೇಲೆ. ಕಣ್ಣಿಗೆ ಕಾಣುವ ಹೊತ್ತಿಗೆ ಆಗುವುದು ಆಗಿಹೋಗಿರುತ್ತದೆ. ಮೂಗಿಗೆ ಮಾತ್ರ ಮುಂಚೆಯೇ ಗೊತ್ತಾಗುತ್ತದೆ, ಅದೂ ಎಲ್ಲರ ಮೂಗಿಗಲ್ಲ. ಅವನು ಬೇಲಿಯ ಹತ್ತಿರ ಬರುತ್ತಿದ್ದ ಹಾಗೇ, ಇವತ್ತು ಹೊಟ್ಟೆ ಸರಿಯಿಲ್ಲ ಇದಕ್ಕೆ, ಅನ್ನುತ್ತಿದ್ದ. ಯಂತ್ರ ಬಿಚ್ಚಿ ನೋಡಿದರೆ ಎಲ್ಲೋ ಬೆಲ್ಟು ಸಡಿಲಾಗಿರುತ್ತಿತ್ತು. ಕಚೇರಿಯ ಎಂಜಿನಿಯರು ನೀರಿನಲ್ಲಿರುವ ಗಾಳಿ ಅಳೆಯುವ ಹೊಸ ಮೀಟರು ತಂದು ಕೂರಿಸಿದ ದಿನ ಎಲ್ಲರೆದುರಿಗೆ ಬೆನ್ನು ತಟ್ಟಿ, ನಮ್ಮ ನಿಜವಾದ ಮೀಟರು ಇವರು, ಅಂದಿದ್ದರು. ಅವತ್ತಿನಿಂದ ಊರಿಗೆಲ್ಲ ಅವನು ಮೀಟರಣ್ಣ. ಬೇರೆಯವರಿಗೆ ಕೋಪ ಮೂಗಿನ ತುದಿಯಲ್ಲಿದ್ದರೆ ಅವನಿಗೆ ಹೆಸರು, ಅನ್ನ, ಮರ್ಯಾದೆ ಎಲ್ಲವೂ ಅಲ್ಲೇ ಇದ್ದವು. ಅದೇ ಹೋಯಿತು ಅಂದರೆ ಉಳಿದದ್ದು ಏನು? ಕೆಲಸಕ್ಕೆ ಯೋಗ್ಯನಲ್ಲ ಅಂತ ಒಂದು ಷರಾ ಬರೆದು, ಯಾವುದೋ ಗೋದಾಮಿನ ಬಾಗಿಲಲ್ಲಿ ಕೂರಿಸುತ್ತಾರೆ. ಇನ್ನೊಂದು ವಾರ ನೋಡೋಣ, ಬಂದೀತು, ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅವನು ಮೈ ಒರೆಸಿಕೊಂಡ.

ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು. ಯಾವಾಗಲೂ ತೆರೆದೇ ಇರುತ್ತಿದ್ದವು. ಮಳೆಗಾಲದಲ್ಲಿ ಪರದೆ ಇಳಿಬಿಟ್ಟಾರೇ ಹೊರತು ಬೇಲಿಯ ಕಡೆಯ ಕಿಟಕಿಯನ್ನು ಈ ಬೀದಿಯಲ್ಲಿ ಯಾರೂ ಮುಚ್ಚುತ್ತಿರಲಿಲ್ಲ. ಅದನ್ನು ನೋಡಿಕೊಂಡು ಹೋಗುವುದೆಂದರೆ ಅವನಿಗೆ ಒಂದು ಬಗೆಯ ಹೆಮ್ಮೆ. ಇವತ್ತು ಮೋಡ ಮುಸುಕಿತ್ತು. ಟ್ಯಾಂಕಿನ ಮೆಟ್ಟಿಲು ಹತ್ತಿ ಕಂಬಿ ಹಿಡಿದು ನೋಡಿದ. ನೀರು ಕಂದು ಬಣ್ಣಕ್ಕಿತ್ತು. ನಿನ್ನೆಗಿಂತ ಗಾಢವೇ? ಮೋಡದ ನೆರಳೇ? ಕಣ್ಣು ಮುಚ್ಚಿ ತೆರೆದ. ಒಂದು ಸಲ ಕಂದು, ಒಂದು ಸಲ ಕಪ್ಪು. ಕಡಲ ಕಡೆಯ ಮೂಲೆಯಲ್ಲಿ ಗುಳ್ಳೆಗಳು ಸೋತು ಸೋತು ಬರುತ್ತಿರುವಂತೆ ಕಂಡಿತು, ಹಾಗೇ ದಿಟ್ಟಿಸುತ್ತ ನಿಂತರೆ ಎಲ್ಲ ಮೂಲೆಯಲ್ಲೂ ಹಾಗೇ ಕಂಡಿತು. ಯಂತ್ರದ ಸದ್ದು ಮಾಮೂಲಿನಂತಿತ್ತು. ಮೀಟರು ಎಲ್ಲ ಸರಿಯಿದೆ ಅನ್ನುತ್ತಿತ್ತು. ನೀರಿಗೆ ಇಳಿಬಿಟ್ಟ ಅದರ ಕಡ್ಡಿಗೆ ಲೋಳೆ ಕೂತಿರಬಹುದೆಂದು ಮೇಲಕ್ಕೆತ್ತಿ ಬಟ್ಟೆಯಲ್ಲಿ ಒರೆಸಿ ಮತ್ತೆ ಇಳಿಸಿದ. ಅಂಕಿ ಸರ್ರನೆ ಇಳಿಯಿತು, ಏರಿತು, ಮತ್ತೆ ಇಳಿಯಿತು, ಕೊನೆಗೆ ಮೊದಲಿದ್ದಲ್ಲಿಗೇ ಬಂದು ನಿಂತಿತು. ಇಷ್ಟು ವರ್ಷ ಅವನು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಈಗ ಅದರ ಮುಂದೆ ಕೈಕಟ್ಟಿ ನಿಂತು, ಹೇಳಪ್ಪಾ ನಿಜ ಹೇಳು, ಎಂದು ಬೇಡಿಕೊಳ್ಳುವಂತಾಗಿತ್ತು. ಬಗ್ಗಿ, ಕಂಬಿಯ ಮೇಲೆ ಹೊಟ್ಟೆ ಒತ್ತಿ, ಎದೆ ತುಂಬ ಉಸಿರೆಳೆದುಕೊಂಡ. ಗಾಳಿ ಬಂತು, ತಂಪು ಬಂತು, ಗಂಟಲಿಗೆ ಸ್ವಲ್ಪ ಕೆರೆತ ಬಂತು.

ರಾತ್ರಿ ಪಾಳಿ ಮುಗಿಸಿದ ಜೊತೆಗಾರ ಸೈಕಲ್ಲು ಹೊರಡಿಸುತ್ತಿದ್ದ. ಹಲ್ಲುನೋವಿನವನಂತೆ ಬಾಯಲ್ಲಿ ಸದಾ ಒಂದು ಲವಂಗ ಇಟ್ಟುಕೊಂಡಿರುವ ಮನುಷ್ಯ; ಅದಕ್ಕೇ ಅವನಿಗೆ ಲವಂಗ ಅಂತಲೇ ಹೆಸರು. ಗಾಳಿ ಹೇಗಿತ್ತು ರಾತ್ರಿ, ಎಂದು ಇವನು ಏನೂ ಇಲ್ಲವೆಂಬಂತೆ ಕೇಳಿದ. ಗಾಳಿಗೇನು, ಕಡಲ ಗಾಳಿ, ಅಂದ ಲವಂಗ. ಅಲ್ಲ, ಏನಾದರೂ ವಾಸನೆ ಗೀಸನೆ... ಅಂತ ಅವನು ಎಳೆದ. ಲವಂಗ ಸೈಕಲ್ಲನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದ. ಆ ನೋಟದಲ್ಲಿ ಇದ್ದದ್ದು ಗಾಬರಿ. ಪರೀಕ್ಷೆಯಲ್ಲಿ ಪಾಠದ ಹೊರಗಿನ ಪ್ರಶ್ನೆ ಬಂದವನ ಗಾಬರಿ.

"ನಾರ್ತಿದ್ರೆ ನೀನು ಹೇಳ್ತಿರಲಿಲ್ವಾ? ನಿನ್ನ ಮುಂದೆ ನನ್ನ ಮೂಗು ಯಾವ ಲೆಕ್ಕ ಮಾರಾಯಾ," ಎಂದು ನಕ್ಕು ಪೆಡಲು ತುಳಿದ.

ಹತ್ತು ಗಂಟೆಯ ಸುಮಾರಿಗೆ ಎಂಜಿನಿಯರಿಗೆ ಫೋನು ಮಾಡಿದ. ಗೇಟಿನ ಪಕ್ಕದಲ್ಲಿ ಒಂದು ತಡೆಹೊಂಡವಿತ್ತು. ಏನಾದರೂ ಹೆಚ್ಚುಕಡಿಮೆಯಾದರೆ ಕಡಲಿನ ಗೇಟು ಮುಚ್ಚಿ ನೀರನ್ನು ಅದಕ್ಕೆ ತಿರುಗಿಸಬಹುದು. ಆದರೆ ತಿರುಗಿಸಿದ ಮೇಲೆ ಯಾಕೆ ಅಂತ ಹೇಳಬೇಕು, ಮೇಲಿನವರು ಬರುತ್ತಾರೆ, ಕೇಳುತ್ತಾರೆ. ಏನಂತ ಹೇಳುವುದು? ಅನುಮಾನ ಅಂದರೆ, ಯಾವುದರ ಮೇಲೆ ಅನುಮಾನ ಅನ್ನುತ್ತಾರೆ. ಟ್ಯಾಂಕು ಸರಿಯಿದ್ದರೆ ಮೀಟರಣ್ಣನಿಗೆ ತಲೆ ಕೆಟ್ಟಿತು. ಕೆಟ್ಟಿದ್ದರೆ ಇಷ್ಟು ದಿನ ಏನು ಕಡಿದು ಗುಡ್ಡೆ ಹಾಕುತ್ತಿದ್ದೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಸ್ಥಿತಿ. ಬಣ್ಣ ಸ್ವಲ್ಪ ಆಚೀಚೆ ಕಾಣ್ತಿದೆ ಸಾರ್, ಮೀಟರು ಸರಿ ತೋರಿಸ್ತಿದೆ, ಎಂದು ತಡವರಿಸಿದ. ಅವರು ಯಾವುದೋ ಮೀಟಿಂಗಿನಲ್ಲಿದ್ದರು. ಹಿಂದೆ ಚಹಾದ ಕಪ್ಪು-ಬಸಿಗಳ ಸದ್ದು ಕೇಳುತ್ತಿತ್ತು. ಮೀಟರು ಬಿಡಿ, ನಿಮ್ಮ ಮೂಗು ಏನು ಹೇಳುತ್ತೆ ಅದು ಹೇಳಿ, ಅಂದರು. ಮೂಗು ಸುಮ್ಮನಿದೆ ಸಾರ್, ಅಂದ. ಹಾಗಾದರೆ ನಾನೂ ಸುಮ್ಮನಿರ್ತೀನಿ, ಎಂದು ನಕ್ಕು ಅವರು ಫೋನಿಟ್ಟರು. ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಹೇಳಿದ್ದು ನಿಜವಾಗಿತ್ತು ಅನ್ನುವುದೇ ಮನಸ್ಸು ಕೊರೆಯುತ್ತಿತ್ತು.

ಪ್ಯಾಂಟಿನ ಗುಂಡಿಯೊಂದನ್ನು ತಾನೇ ಕಿತ್ತು ಜೇಬಿನಲ್ಲಿಟ್ಟುಕೊಂಡು ದರ್ಜಿಯ ಅಂಗಡಿಗೆ ಹೋದ. ಬೇಲಿಯಿಂದ ಮೊದಲನೆಯ ಕಟ್ಟಡ ಅದೇ. ಕಿಟಕಿಯಿಂದ ನುಗ್ಗುತ್ತಿದ್ದ ಗಾಳಿಗೆ ಅಳತೆಯ ಕಾಗದಗಳು ಹಾರುತ್ತಿದ್ದವು. ದರ್ಜಿ ಒಂದರ ಮೇಲೆ ಇಸ್ತ್ರಿಪೆಟ್ಟಿಗೆ, ಒಂದರ ಮೇಲೆ ಕತ್ತರಿ, ಇನ್ನೊಂದರ ಮೇಲೆ ತನ್ನ ಮೊಣಕೈ ಇಟ್ಟುಕೊಂಡು ಹೊಲಿಯುತ್ತಿದ್ದ. ಕಿಟಕಿ ಮುಚ್ಚಿಕೊಂಡರೆ ಆರಾಮವಲ್ಲವೇ ಎಂದು ಕೇಳಬೇಕೆನಿಸಿತು, ಹಿಂದೊಮ್ಮೆ ಇದೇ ಕಿಟಕಿಗಾಗಿ ಆಡಿದ ಜಗಳ ನೆನಪಾಯಿತು. ಮಗಳು ತೊಟ್ಟಿಲಲ್ಲಿದ್ದ ಕಾಲ ಅದು. ಮದುವೆ ಬಟ್ಟೆಗೆ ಅಳತೆ ಕೊಡಲು ಹೆಣ್ಣಿನ ಕಡೆಯವರು ಬಂದಿದ್ದರು, ದರ್ಜಿ ಎದ್ದು ಕಿಟಕಿ ಮುಚ್ಚಿದ. ಅಷ್ಟೇ ಅವನು ಮಾಡಿದ ತಪ್ಪು. ಕೆಲಸ ಮುಗಿಸಿ ಬರುತ್ತಿದ್ದ ಇವನು ನಡುಬೀದಿಯಲ್ಲಿ ನಿಂತು ಕೂಗಾಡಿದ. ಯಾರದಯ್ಯ ಈ ನಾತ, ನಮ್ಮಪ್ಪಂದಾ? ನಿಮ್ಮನೇದೇ! ಒಂದು ಚೊಂಬು ನೀರು ಹುಯ್ದು ನೀವು ಕೈ ತೊಳಕೊಂಡ್ರಿ, ನಾನು ದಿನಾ ಅದರ ಮುಂದೆ ಕೂತಿರ್ತೀನಿ, ನಿನಗೆ ಒಂದು ಕಿಟಕಿ ತೆಗೆದಿಡೋಕಾಗಲ್ವಾ? ಹೆಣ್ಣಿನ ಕಡೆಯವರು ಎದ್ದು ಹೋದರು. ಮನೆಮನೆಯಿಂದ ಜನ ಹೊರಗೆ ಬಂದು ತಲೆ ತಗ್ಗಿಸಿ ನಿಂತರು, ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮರುದಿನ ಬೆಳಗ್ಗೆ ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು. ಅದನ್ನು ಅವನು ಮರ್ಯಾದೆ ಅಂದುಕೊಂಡ.

ಏನಾದ್ರೂ ವಾಸನೆ ಬರ್ತಿದೆಯಾ ಈ ಕಡೆ, ಎಂದು ಗುಂಡಿ ಕೊಡುತ್ತ ಕೇಳಿದ. ದರ್ಜಿಯ ಯಂತ್ರ ನಿಂತಿತು. ವಾಸನೆಯಾ, ಎಂಥ ವಾಸನೆ ಅಣ್ಣಾ, ನಾವು ಯಾರಾದ್ರೂ ಏನಾದ್ರೂ ಅಂದ್ವಾ? ಯಾರು ಹೇಳಿದ್ದು ನಿಮಗೆ? ಎಂದು ಆತ ಎದ್ದೇ ನಿಂತ. ಇಲ್ಲಪ್ಪ ಸುಮ್ಮನೆ ಕೇಳಿದೆ ಅಂದರೂ ಬಿಡಲಿಲ್ಲ. ಇಂಥ ಗಾಳಿ ದುಡ್ಡು ಕೊಟ್ಟರೂ ಸಿಗಲ್ಲ, ನಾವೇ ಪುಣ್ಯವಂತರು, ಎಂದು ಕಿಟಕಿಯ ಬಾಗಿಲನ್ನು ಇನ್ನೂ ಅಗಲಕ್ಕೆ ತಳ್ಳಿದ. ಕಾಗದಗಳು ನೆಲದ ತುಂಬ ಹಾರಿದವು. ಇಬ್ಬರೂ ಬಗ್ಗಿ ಹೆಕ್ಕುತ್ತಿರುವಾಗ ದರ್ಜಿ ಮಗನ ಮಾತು ತೆಗೆದ. ಹೋದವಾರ ಈಜಿ ಬಂದವನಿಗೆ ವಾಂತಿಭೇದಿ ಹಿಡಿದು ಹಾಸಿಗೆ ಬಿಟ್ಟು ಎದ್ದಿರಲಿಲ್ಲ, ಎಲ್ಲೋ ಏನೋ ತಿಂದಿರಬೇಕು, ಈಗ ಪರವಾಗಿಲ್ಲ, ಸಂಜೆ ಈಜಿಗೆ ಹೋಗೇ ಹೋಗ್ತೀನಿ ಅಂತ ಕೂತಿದ್ದಾನೆ, ಇವತ್ತು ಮೇಷ್ಟ್ರು ತಂಡ ಆರಿಸ್ತಾರಂತೆ, ನಿಮ್ಮ ಮಗಳೂ ಇದಾಳಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಕೈ ತಾನಾಗಿ ಮೂಗಿಗೆ ಹೋಯಿತು. ಗುಂಡಿ ಹೊಲಿದದ್ದಕ್ಕೆ ದರ್ಜಿ ದುಡ್ಡು ತೆಗೆದುಕೊಳ್ಳಲಿಲ್ಲ.

ಊಟಕ್ಕೆ ಕೂತಾಗ ತಟ್ಟೆಯಲ್ಲಿದ್ದದ್ದು ಬಿಸಿ ಅಂತ ಗೊತ್ತಾಯಿತು, ಖಾರ ಅಂತ ಗೊತ್ತಾಯಿತು. ಹೆಂಡತಿ ಎದುರಿಗೆ ಕೂತು, ಚೆನ್ನಾಗಿದೆಯಾ ಎಂದು ಕೇಳಿದಳು. ಅಡುಗೆಮನೆಯ ಕಿಟಕಿಯಿಂದ ಟ್ಯಾಂಕಿನ ಕಂಬಿ ಕಾಣುತ್ತಿತ್ತು. ಆ ಕಿಟಕಿಯಲ್ಲಿ ನಿಂತರೆ ಅವನು ಅಲ್ಲಿ ಏನು ಮಾಡುತ್ತಿದ್ದಾನೆಂದು ಅವಳಿಗೆ ಗೊತ್ತಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳ ಅಣ್ಣ ಬಂದವನು ಹೊಸ್ತಿಲಲ್ಲೇ ಕರವಸ್ತ್ರ ಮೂಗಿಗೆ ಹಿಡಿದು, ಏನಮ್ಮಾ ಇದು, ಅಂದಿದ್ದ. ಅವಳು ಹಾಕಿದ್ದ ತಟ್ಟೆಯನ್ನು ಎತ್ತಿ ಒಳಗಿಟ್ಟಳು. ನಮ್ಮನೆಯವರ ಮುಂದೆ ಮೂಗು ಮುಚ್ಚಿದವರಿಗೆ ಈ ಮನೇಲಿ ಅನ್ನ ಇಲ್ಲ ಅಂದಳು, ಒಡಹುಟ್ಟಿದವನಿಗೆ. ಅಣ್ಣ ಎಷ್ಟೋ ವರ್ಷ ಈ ಕಡೆ ತಲೆ ಹಾಕಲಿಲ್ಲ. ಅವತ್ತು ಅವನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಿದ್ದ. ಇಂಥವಳನ್ನು ಇವತ್ತು ಹೇಗೆ ಕೇಳುವುದು, ನಾತ ಬರ್ತಿದೆಯೇನೇ ಅಂತ? ಕೇಳಿದರೂ ಅವಳು ನಿಜ ಹೇಳುತ್ತಾಳೆಯೇ? ಹೇಳುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಅವನ ಮೇಲಿನ ಪ್ರೀತಿಯಿಂದ ಅವಳು ಹೇಳುವುದಿಲ್ಲ. ಬೀದಿಯವರು ಅವನ ಬಾಯಿಗೆ ಹೆದರಿ ಹೇಳುವುದಿಲ್ಲ. ಲವಂಗ ಅವನ ಮೂಗನ್ನು ನಂಬಿ ಹೇಳುವುದಿಲ್ಲ. ತನ್ನ ಸುತ್ತ ತಾನೇ ಕಟ್ಟಿದ ಗೋಡೆಗೆ ಬಾಗಿಲಿಡುವುದನ್ನು ಮರೆತಿದ್ದ.

ಮಗಳು ಈಜುವ ಬಟ್ಟೆ, ಟವೆಲು ಎಲ್ಲ ಚೀಲಕ್ಕೆ ತುಂಬಿ ಆಗಲೇ ಬಾಗಿಲಲ್ಲಿಟ್ಟಿದ್ದಳು. ದೋಣಿ ಕಟ್ಟೋ ಹಳೆ ಧಕ್ಕೆಯಿಂದ ಬಂಡೆಯ ತನಕ ಹೋಗಿ ಬರಬೇಕು, ಅರ್ಧ ದಾರಿ ನೀರೊಳಗೆ ತಲೆ ಮುಳುಗಿಸಿಯೇ ಹೋಗೋದು ಕಲಿತಿದೀನಿ, ಎಂದು ಅವಳು ಅನ್ನ ಕಲಸುತ್ತ ಹೇಳುತ್ತಿದ್ದಳು. ಧಕ್ಕೆಯ ಆಚೆಗೇ ನೀರೊಳಗೆ ಟ್ಯಾಂಕಿನ ಕೊಳವೆಯ ಬಾಯಿ. ಸಂಜೆಯ ಉಬ್ಬರಕ್ಕೆ ಅದರ ನೀರೆಲ್ಲ ದಡದ ಕಡೆಗೇ ಬರುತ್ತದೆ. ಇಷ್ಟು ವರ್ಷ ಬಂದರೆ ಬರಲಿ, ಕುಡಿದರೂ ಏನಾಗಲ್ಲ, ಎಂದು ಅವನೇ ಜಂಬ ಕೊಚ್ಚಿದ್ದ. ಇವತ್ತು ಈಜು ಬೇಡ, ಅಂದ. ತಾಯಿ ಮಗಳು ಇಬ್ಬರೂ ಅವನನ್ನು ನೋಡಿದರು. ಅಲೆ ಜಾಸ್ತಿ ಇದೆ, ಅಂದ. ಮಗಳು ಎದ್ದು ಕಿಟಕಿಯಿಂದ ಇಣುಕಿ, ಕಡಲು ನೋಡಿ, ಜೋರಾಗಿ ನಕ್ಕಳು. ಕಡಲು ತಟ್ಟೆಯ ಹಾಗೆ ಬಿದ್ದುಕೊಂಡಿತ್ತು. ಅಪ್ಪನಿಗೆ ನಾನು ದೂರದೂರಿಗೆ ಆಡೋಕೆ ಹೋಗ್ತೀನಿ ಅಂತ ಭಯ, ಅಂದಳು ಅಮ್ಮನಿಗೆ. ಹೆಂಡತಿಯೂ ನಕ್ಕಳು. ಅವನೂ ನಗಬೇಕಾಯಿತು. ಕೊನೆಯ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ಕೈ ತೊಳೆದು ಹೊರಟುಬಿಟ್ಟ. ಫೋನು ಊಟದ ಮೇಜಿನ ಮೇಲೇ ಉಳಿಯಿತು.

ಮಧ್ಯಾಹ್ನವೆಲ್ಲ ಟ್ಯಾಂಕನ್ನು ಸುತ್ತುತ್ತಿದ್ದ. ಗ್ಲಾಸಿನಲ್ಲಿ ನೀರು ಹಿಡಿದು ಬೆಳಕಿಗೆ ಒಡ್ಡಿದ. ಕೆಸರು ಕೆಳಗಿಳಿಯಿತು, ಮೇಲಿನ ನೀರು ತಿಳಿಯಾಗೇ ಇತ್ತು, ತಿಳಿ ಅಂದರೆ ತಿಳಿ, ಅಲ್ಲ ಅಂದರೆ ಅಲ್ಲ. ಗೇಟಿನ ಚಕ್ರದ ಮೇಲೆ ಕೈಯಿಟ್ಟ, ತೆಗೆದ. ಮುಚ್ಚಿಬಿಟ್ಟರೆ ಏನು ಹೋಗುತ್ತದೆ? ಹೆಸರು ಹೋಗುತ್ತದೆ. ಬಿಟ್ಟರೆ? ಹೋದವಾರ ದರ್ಜಿಯ ಮಗ ಹಾಸಿಗೆ ಹಿಡಿದಿದ್ದ ಸುದ್ದಿ ಮನೆಗೆ ಬಂದಾಗ ಹುಡುಗರ ಹೊಟ್ಟೆ, ಕಂಡದ್ದೆಲ್ಲ ತಿಂತಾವೆ, ಎಂದು ತಾನೇ ಅಂದದ್ದು ನೆನಪಾಯಿತು. ಅದನ್ನು ಹೇಳುವಾಗ ಒಳಗೆ ಏನೋ ಚುಚ್ಚಿತ್ತೇ? ಚುಚ್ಚಿತ್ತು. ಚುಚ್ಚಿದ್ದಕ್ಕೇ ಅಷ್ಟು ಜೋರಾಗಿ ಹೇಳಿದ್ದ. ಅಪ್ಪನಾದವನು ಹೀಗೂ ಇರಬಹುದೇ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಆದರೆ ಕೈ ಮತ್ತೆ ಚಕ್ರದಿಂದ ಜಾರಿ ಕೆಳಗೆ ಬಂತು. ಇನ್ನೊಂದು ಸಲ ಮೀಟರು ನೋಡೋಣ ಅಂತ ಹೊರಟ. ಮೀಟರು ಸರಿಯಿದೆ ಅಂದಿತು.

"ಅಪ್ಪಾ, ಫೋನು ಬಿಟ್ಟು ಬಂದಿದೀಯ."

ಮಗಳು ಚೀಲ ಹೆಗಲಿಗೆ ಹಾಕಿಕೊಂಡು ಟ್ಯಾಂಕಿನ ಮೆಟ್ಟಿಲಲ್ಲಿ ನಿಂತಿದ್ದಳು. ಮೋಡ ಸರಿದು ಇಳಿಬಿಸಿಲು ಮುಖದ ಮೇಲೆ ಬಿದ್ದಿತ್ತು. ತುಟಿಗಳು ಎಂದಿನ ಹಾಗೆ ಒಂಚೂರು ತೆರೆದಿದ್ದವು. ಮಗುವಾಗಿದ್ದಾಗಿನಿಂದ ಹಾಗೆಯೇ, ಏನನ್ನೋ ಕೇಳಲು ಹೊರಟು ಮರೆತವಳಂತೆ. ಫೋಟೋಗಳಲ್ಲೂ ಹಾಗೇ. ಇವನ ಅಕ್ಕ ಒಮ್ಮೆ ಬಂದವಳು, ಇದೇನು ಹುಡುಗಿ ಸದಾ ಬಾಯಿ ತೆಗೆದಿರುತ್ತಾಳೆ, ಮೂಗಿನ ಡಾಕ್ಟರಿಗೆ ತೋರಿಸಿ ಅಂದಿದ್ದಳು. ಏನೂ ಬೇಡ, ನಿದ್ದೇಲಿ ಸರಿಯಾಗೇ ಇರ್ತಾಳೆ ಅಂತ ಹೆಂಡತಿ ಮಾತು ಹಾರಿಸಿದ್ದಳು. ಅವನಿಗೆ ಮಾತ್ರ ಆ ಅರೆತೆರೆದ ತುಟಿಯೆಂದರೆ ಪ್ರಾಣ. ಮನೆಗೆ ಬಂದು ಅವಳನ್ನು ಎತ್ತಿಕೊಂಡಾಗ ಅವಳ ಬಿಸಿ ಉಸಿರು ಬಾಯಿಂದ ಅವನ ಕುತ್ತಿಗೆಗೆ ತಾಗುತ್ತಿತ್ತು. ನಿದ್ದೇಲಿ ಸರಿಯಾಗಿರ್ತಾಳೆ ಅಂದರೆ? ಊಟದ ಹೊತ್ತಿಗೆ ಎದುರಿಗೆ ಕೂತಿದ್ದ ಹೆಂಡತಿಯ ತುಟಿಗಳು ನೆನಪಾದವು. ಎದ್ದು ನಿಂತ ದರ್ಜಿಯ ತುಟಿಗಳು. ಲವಂಗ ಇಟ್ಟುಕೊಂಡ ಬಾಯಿ. ಬೀದಿಯುದ್ದಕ್ಕೂ ತೆರೆದ ಕಿಟಕಿಗಳು, ಕಿಟಕಿಗಳ ಹಿಂದೆ ಅರ್ಧ ತೆರೆದ ಬಾಯಿಗಳು. ಅವನು ಕಂಬಿ ಹಿಡಿದುಕೊಂಡ.

"ಮೂಗಲ್ಲಿ ಉಸಿರೆಳ್ಕೋ," ಅಂದ.

ಮಗಳು ಅರ್ಥವಾಗದವಳಂತೆ ನೋಡಿದಳು, ಅರ್ಥವಾಗಿತ್ತು. ಅವಳ ಕಣ್ಣು ಒಂದು ಕ್ಷಣ ಮನೆಯ ಕಿಟಕಿಯ ಕಡೆ ಹೋಗಿಬಂತು.

"ಅಮ್ಮ ಬೈತಾಳೆ."

ಯಾಕೆ ಬೈತಾಳೆ, ಅಮ್ಮ ಏನು ಹೇಳಿದಾಳೆ ಎಂದು ಕೇಳಿದ. ದನಿ ಆದಷ್ಟು ಮೆತ್ತಗಿರಲಿ ಅಂದುಕೊಂಡರೂ ಒಡೆದು ಬಂತು. ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಕದ್ದು ಸಿಕ್ಕಿಬಿದ್ದವಳ ಹಾಗೆ ನಿಂತಿದ್ದಳು, ಕದ್ದವನು ಅವನಾಗಿದ್ದರೂ.

"ಅಪ್ಪನ ಹತ್ರ ಇರೋವಾಗ ಬಾಯಲ್ಲೇ ಉಸಿರಾಡು, ಮುಖ ಸಿಂಡರಿಸ್ಬೇಡ, ಅಪ್ಪನಿಗೆ ನೋವಾಗುತ್ತೆ ಅಂತ. ಚಿಕ್ಕೋಳಿದ್ದಾಗಿಂದ ಹೇಳಿದಾಳೆ. ಈಗ ಅಭ್ಯಾಸ ಆಗೋಗಿದೆ ಅಪ್ಪ."

"ನನಗೆ ನೋವಾಗಲ್ಲ. ನಾನೇ ಹೇಳ್ತಿದೀನಲ್ಲ. ಎಳ್ಕೋ."

ಅವಳು ತುಟಿ ಮುಚ್ಚಿದಳು. ಮುಚ್ಚಿದ ತುಟಿಯ ಆ ಮುಖ ಅವನಿಗೆ ಹೊಸದಾಗಿತ್ತು. ಸ್ವಲ್ಪ ದೊಡ್ಡವಳಂತೆ, ಯಾರದೋ ಮನೆಯ ಹುಡುಗಿಯಂತೆ ಕಂಡಳು. ಮೂಗಿನ ಹೊಳ್ಳೆಗಳು ಅರಳಿದವು. ಮರುಕ್ಷಣ ಅವಳು ಕಂಬಿಯ ಮೇಲೆ ಬಗ್ಗಿ ಓಕರಿಸಿದಳು. ಕಣ್ಣಲ್ಲಿ ನೀರು ತುಂಬಿತು. ಅವನು ಬೆನ್ನು ನೀವಲು ಹೋದ. ಅವಳು ಬೇಡವೆಂದು ಕೈಯಾಡಿಸಿದಳು.

"ನಾರ್ತಿದೆ ಅಪ್ಪಾ," ಅಂದಳು. ಅವನ ಮನೆಯಲ್ಲಿ ಆ ಮಾತನ್ನು ಅವನ ಎದುರಿಗೆ ಯಾರಾದರೂ ಅಂದದ್ದು ಅದೇ ಮೊದಲು.

"ಹೇಗೆ? ಮಣ್ಣಿನ ಥರಾನಾ, ಕೊಳೆತ ಮೊಟ್ಟೆ ಥರಾನಾ?"

"ಮೊಟ್ಟೆ."

"ಎಷ್ಟು ದಿನದಿಂದ?"

ಅವಳು ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. ಸಿಟ್ಟಿರಲಿಲ್ಲ, ಪಾಪ, ಉತ್ತರ ಗೊತ್ತಿದ್ದರೆ ಕೊಟ್ಟುಬಿಡುತ್ತಿದ್ದಳು. "ನಂಗೆ ಹೇಗೆ ಗೊತ್ತಾಗ್ಬೇಕು ಅಪ್ಪಾ? ಇಲ್ಲಿ ನಾನು ಯಾವತ್ತೂ ಮೂಗಲ್ಲಿ ಉಸಿರಾಡೇ ಇಲ್ಲ."

ಚಕ್ರದ ಹತ್ತಿರಕ್ಕೆ ಅವನು ಓಡಲಿಲ್ಲ. ನಡೆದೇ ಹೋಗಿ ಎರಡೂ ಕೈಯಲ್ಲಿ ತಿರುಗಿಸತೊಡಗಿದ. ಬೆಳಗ್ಗಿನಿಂದ ಬೆಟ್ಟದಷ್ಟು ಭಾರವಿದ್ದ ಚಕ್ರ ಸಲೀಸಾಗಿ ತಿರುಗಿತು. ಗೇಟು ಇಳಿದು ಕೂತಿತು, ನೀರು ಒಂದು ಸುತ್ತು ಹೊರಳಿ ತಡೆಹೊಂಡದ ಕಡೆಗೆ ಹರಿಯಿತು. ಮಗಳು ಪಕ್ಕಕ್ಕೆ ಬಂದು ನಿಂತಿದ್ದಳು. ನಿನಗೆ ಬರ್ತಿಲ್ವಾ ವಾಸನೆ, ಎಂದು ಕೇಳಿದಳು. ಇಲ್ಲ, ಅಂದ. ಅವತ್ತು ಜ್ವರ ಬಂದಾಗಿಂದಾನಾ ಅಂದಳು. ಹೂಂ ಅಂದ. ಅಷ್ಟು ಸಣ್ಣ ಮಾತು ಅದು. ಇಷ್ಟು ದಿನ ಅದನ್ನು ಹೊತ್ತು ತಿರುಗಿದ್ದೇಕೆ ಎಂದು ಅವನಿಗೇ ತಿಳಿಯಲಿಲ್ಲ. ಬೂಟಿನಲ್ಲಿ ಕಲ್ಲಿರಲಿಲ್ಲ ಹಾಗಾದ್ರೆ, ಅಂದಳು ಅವಳು. ಅವನಿಗೆ ನಗು ಬಂದು ಅದು ಇನ್ನೇನೋ ಆಗುವುದರೊಳಗೆ ಮುಖ ತಿರುಗಿಸಿಕೊಂಡ.

ದಡದಲ್ಲಿ ಮೇಷ್ಟ್ರ ಸೀಟಿ ಕೇಳಿಸಿತು. ಹುಡುಗರ ಗಲಾಟೆಯೂ. ಓಡು, ನೀರಿಗಿಳೀಬೇಡಿ ಅಂತ ಹೇಳು, ಇಳಿದೋರನ್ನ ಮೇಲಕ್ಕೆ ಕರಿ, ದರ್ಜಿ ಮಗನಿಗೆ ಮೊದಲು ಹೇಳು ಅಂದ. ಅವಳು ಮೆಟ್ಟಿಲಿಳಿದು ಬೇಲಿಯ ತನಕ ಹೋದವಳು ತಿರುಗಿ ನಿಂತಳು. ಇವತ್ತು ತಂಡ ಆರಿಸುವ ದಿನ ಅನ್ನುವುದು ಅವಳ ಮುಖದಲ್ಲಿತ್ತು.

"ಯಾಕೆ ಅಂತ ಕೇಳಿದ್ರೆ ಏನು ಹೇಳ್ಲಿ?"

ಯಂತ್ರ ರಿಪೇರಿ ಅನ್ನು, ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸಲೀಸಾಗಿ ಬಂದಿತ್ತು ಅಂದರೆ ಅವನಿಗೇ ಭಯವಾಯಿತು.

"ನೀರು ಕೆಟ್ಟಿದೆ ಅನ್ನು. ನಾರ್ತಿದೆ ಅನ್ನು, ಎಲ್ಲರಿಗೂ ಕೇಳೋ ಹಾಗೆ. ನಮ್ಮಪ್ಪನೇ ಹೇಳು ಅಂದ ಅನ್ನು."

ಅವಳು ಬೀದಿಯಲ್ಲಿ ಕೂಗುತ್ತಲೇ ಓಡಿದಳು. ಅವನು ಎಂಜಿನಿಯರಿಗೆ ಫೋನು ಮಾಡಿ, ಗೇಟು ಮುಚ್ಚಿದೀನಿ ಸಾರ್, ಟ್ಯಾಂಕು ಕೆಟ್ಟು ಎಷ್ಟು ದಿನ ಆಯ್ತೋ ಗೊತ್ತಿಲ್ಲ, ನನ್ನ ಮೂಗು ಸತ್ತು ತಿಂಗಳುಗಟ್ಟಲೆ ಆಗಿದೆ, ನಾನು ಹೇಳಲಿಲ್ಲ, ಎಂದು ಒಂದೇ ಉಸಿರಿನಲ್ಲಿ ಹೇಳಿದ. ಅಲ್ಲೇ ಇರಿ, ಬರ್ತೀನಿ, ಅಂದರು ಅವರು. ನಗಲಿಲ್ಲ. ಧಕ್ಕೆಯ ಮೇಲೆ ಹುಡುಗರು ಒಬ್ಬೊಬ್ಬರಾಗಿ ನೀರಿಂದ ಮೇಲೆ ಬರುವುದು ಕಾಣಿಸಿತು. ತಲೆ ಎಣಿಸಲು ನೋಡಿದ, ದೂರ, ಲೆಕ್ಕ ತಪ್ಪಿತು. ಆಗ ಮೊದಲನೆಯ ಸದ್ದು ಕೇಳಿಸಿತು. ದರ್ಜಿಯ ಅಂಗಡಿಯದು. ಕಿಟಕಿ ಧಡ್ಡೆಂದು ಮುಚ್ಚಿತು. ಅವನು ಬೆಚ್ಚಿದ, ಹಳೆಯ ಸಿಟ್ಟು ಎದೆಯ ತನಕ ಬಂದು, ಅಲ್ಲಿ ಯಾರೂ ಇಲ್ಲದ್ದನ್ನು ಕಂಡು ಹಿಂದಕ್ಕೆ ಹೋಯಿತು. ಆಮೇಲೆ ಅದರ ಪಕ್ಕದ್ದು, ಎದುರಿನದು, ಮಹಡಿಯ ಮೇಲಿನದು. ಉಪ್ಪುಗಾಳಿಗೆ ತುಕ್ಕು ಹಿಡಿದ ಕೀಲುಗಳು ಕಿರುಗುಟ್ಟುತ್ತ ಬೀದಿಯುದ್ದಕ್ಕೂ ಕಿಟಕಿಗಳು ಮುಚ್ಚಿಕೊಳ್ಳುತ್ತ ಹೋದವು. ಪ್ರತಿಯೊಂದೂ ಕೆನ್ನೆಗೆ ಬಿದ್ದಂತೆ ಬೀಳುತ್ತಿತ್ತು, ಆದರೂ ಅವನು ಮುಂದಿನದಕ್ಕೆ ಕಾಯುತ್ತಿದ್ದ.

ಕೊನೆಗೆ ಒಂದೇ ಉಳಿಯಿತು. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು, ಕೈ ಚೌಕಟ್ಟಿನ ಮೇಲಿತ್ತು. ಮಗಳು ಕೂಗಿಕೊಂಡು ಹೋದದ್ದು ಅವಳಿಗೂ ಕೇಳಿಸಿರಬೇಕು. ಅವಳು ಅವನನ್ನೇ ನೋಡುತ್ತಿದ್ದಳು, ಮುಚ್ಚುತ್ತಿರಲಿಲ್ಲ. ಊರೆಲ್ಲ ಮುಚ್ಚಿದರೂ ತಾನು ಮುಚ್ಚುವವಳಲ್ಲ ಅನ್ನುವ ಹಾಗೆ ನಿಂತಿದ್ದಳು. ಅವನು ಕೈಯೆತ್ತಿ, ಮುಚ್ಚು, ಎಂದು ಸನ್ನೆ ಮಾಡಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಮತ್ತೆ ಸನ್ನೆ ಮಾಡಿದ, ಈ ಸಲ ಎರಡೂ ಕೈ ಜೋಡಿಸಿ. ಆಗ ಅವಳು ಕಿಟಕಿಯ ಬಾಗಿಲಿಗೆ ಕೈ ಹಾಕಿದಳು. ಅಷ್ಟು ವರ್ಷ ತೆರೆದೇ ಇದ್ದ ಮರ ಮಳೆ ಕುಡಿದು ಉಬ್ಬಿತ್ತು, ಒಂದೇ ಎಳೆತಕ್ಕೆ ಬರಲಿಲ್ಲ. ಅವಳು ಕಾಲೂರಿ, ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿರುವುದನ್ನು ಅವನು ನೋಡುತ್ತ ನಿಂತ.